ಕಿತ್ತೂರಿನ ಸೆರೆ, ಕಾಣದ ಸುಗ್ಗಿ

ಮಾಡಿದ ಒಳಿತು ಫಲ ನೀಡಲಿಲ್ಲವೆಂದು ನೀವು ಎಂದಾದರೂ ನೊಂದಿರುವಿರಾ? ಹಾಗಿದ್ದರೆ ಕಿತ್ತೂರಿನ ಚರಿತ್ರೆಯತ್ತ ಒಮ್ಮೆ ಕಣ್ಣು ಹಾಯಿಸಿರಿ.

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆಸಿಕ್ಕರು. ರಾಣಿ ಚೆನ್ನಮ್ಮ ಅವರಿಗೆ ಕೇಡು ಬಗೆಯಲಿಲ್ಲ. ಸಂಧಾನದ ನಿರೀಕ್ಷೆಯಿಂದ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದಳು. ಆದರೆ ಕೆಲವೇ ದಿನಗಳಲ್ಲಿ ಕೋಟೆ ಕಂಪನಿಯ ವಶವಾಯಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಕರುಣೆ ಸೋತಿತೆಂದೇ ತೋರುತ್ತದೆ.

ಆದರೆ ಅಂದು 21ರ ತರುಣನಾಗಿದ್ದ ವಾಲ್ಟರ್ ಎಲಿಯಟ್, ಮುಂದೆ ಕನ್ನಡ ನಾಡಿನ ಆರುನೂರರ ಸಮೀಪ ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದನು. ಚಾಲುಕ್ಯರ ಚರಿತ್ರೆ ಬರೆಯುವವರಿಗೆ ಅವು ಆಧಾರವಾದವು. ರಾಣಿ ಉಳಿಸಿದ ಜೀವ ಅವಳ ನಾಡಿನ ನೆನಪನ್ನು ಉಳಿಸಿತು. ಆ ಫಲವನ್ನು ಅವಳು ಕಾಣಲಿಲ್ಲ.

ಸಮಾರ್ಯದ ಹೊಲಗಳತ್ತ ಕೈತೋರಿ ಯೇಸುಸ್ವಾಮಿ ಶಿಷ್ಯರಿಗೆ ತಿಳಿಹೇಳಿದ್ದೂ ಇದನ್ನೇ: ಬಿತ್ತಿದವರೇ ಕೊಯ್ಯಬೇಕೆಂಬ ನಿಯಮವಿಲ್ಲ. ಆದುದರಿಂದ ನಿಮ್ಮನ್ನು ನೋಯಿಸಿದವರಿಗೆ ಇಂದು ಒಂದು ಒಳ್ಳೆಯ ಮಾತನಾಡಿರಿ. ಸುಗ್ಗಿಯ ಲೆಕ್ಕ ದೇವರಿಗಿರಲಿ.