ಬಾಡಿಗೆ ಛಾಯಾಗ್ರಹಣ ಸ್ಟುಡಿಯೊ

ಬಾಡಿಗೆ ಛಾಯಾಗ್ರಹಣ ಸ್ಟುಡಿಯೊ ಎಂದರೆ ದೀಪಗಳು, ಹಿನ್ನೆಲೆಗಳು ಮೊದಲಾದ ಸಲಕರಣೆಗಳನ್ನು ಒದಗಿಸಿ, ಗಂಟೆ ಅಥವಾ ದಿನದ ಲೆಕ್ಕದಲ್ಲಿ ಛಾಯಾಗ್ರಾಹಕರಿಗೆ ಬಾಡಿಗೆಗೆ ನೀಡುವ ಒಳಾಂಗಣ ಸ್ಥಳ. ಸ್ವಂತ ಸ್ಟುಡಿಯೊ ಇಲ್ಲದವರು ಭಾವಚಿತ್ರ, ಉಡುಪು ಹಾಗೂ ಆಭರಣಗಳ ಜಾಹೀರಾತು, ಉತ್ಪನ್ನಗಳ ಚಿತ್ರ ಮುಂತಾದವುಗಳಿಗೆ ಇದನ್ನು ಬಳಸುತ್ತಾರೆ. ಸಾಮಾನ್ಯವಾಗಿ ಸಲಕರಣೆಗಳನ್ನು ಜೋಡಿಸುವ ಮತ್ತು ಸ್ಥಳವನ್ನು ತೆರವುಗೊಳಿಸುವ ಸಮಯವೂ ಬಾಡಿಗೆಯ ಅವಧಿಯಲ್ಲೇ ಸೇರಿರುತ್ತದೆ. ಆದ್ದರಿಂದ ಚಿತ್ರೀಕರಣದ ಫಲಿತಾಂಶವು ಪೂರ್ವಸಿದ್ಧತೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಹಿನ್ನೆಲೆ

ಡಾಗೆರೋಟೈಪ್ ವಿಧಾನವು 1839ರಲ್ಲಿ ಪ್ರಕಟವಾಯಿತು. 1841ರಲ್ಲಿ ರಿಚರ್ಡ್ ಬಿಯರ್ಡ್ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಷನ್ ಕಟ್ಟಡದ ಮೇಲ್ಭಾಗದಲ್ಲಿ ಸಾರ್ವಜನಿಕ ಭಾವಚಿತ್ರ ಸ್ಟುಡಿಯೊವನ್ನು ತೆರೆದನು. ಆ ಕಾಲದ ಸ್ಟುಡಿಯೊಗಳು ಸೂರ್ಯನ ಬೆಳಕನ್ನೇ ಅವಲಂಬಿಸಿದ್ದರಿಂದ ಅವುಗಳಿಗೆ ಗಾಜಿನ ಮಾಡು ಅಥವಾ ದೊಡ್ಡ ಕಿಟಕಿಗಳಿರುತ್ತಿದ್ದವು. 1930ರ ದಶಕದಲ್ಲಿ ಹೆರಾಲ್ಡ್ ಎಜರ್ಟನ್ ಎಲೆಕ್ಟ್ರಾನಿಕ್ ಫ್ಲಾಶ್ ತಂತ್ರವನ್ನು ಅಭಿವೃದ್ಧಿಪಡಿಸಿದನು. ಇಂತಹ ಕೃತಕ ದೀಪಗಳು ಬಳಕೆಗೆ ಬಂದ ಮೇಲೆ ಹಗಲು ಬೆಳಕಿಲ್ಲದ ಕೊಠಡಿಯನ್ನೂ ಸ್ಟುಡಿಯೊ ಆಗಿ ಬಳಸುವುದು ಸಾಧ್ಯವಾಯಿತು.

ಪೂರ್ವಸಿದ್ಧತೆ

ಎರಡು ಗಂಟೆಗಳ ಬಾಡಿಗೆಯಲ್ಲಿ ಜೋಡಣೆಗೆ 30 ನಿಮಿಷ ಮತ್ತು ತೆರವಿಗೆ 15 ನಿಮಿಷ ಬೇಕಾದರೆ ಉಳಿಯುವುದು 75 ನಿಮಿಷ. ತಲಾ 10 ನಿಮಿಷಗಳಂತೆ ಎರಡು ಬಾರಿ ಉಡುಪು ಬದಲಿಸಿದರೆ ಚಿತ್ರೀಕರಣಕ್ಕೆ ಸಿಗುವುದು 55 ನಿಮಿಷ ಮಾತ್ರ. ಈ ಕಾರಣದಿಂದ ಬೇಕಾದ ಚಿತ್ರಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ, ಒಂದೇ ಬೆಳಕಿನ ಜೋಡಣೆಯಲ್ಲಿ ತೆಗೆಯಬಹುದಾದವುಗಳನ್ನು ಒಟ್ಟಿಗೆ ಸೇರಿಸಲಾಗುತ್ತದೆ. ಅನಿವಾರ್ಯವಾದ ಸರಳ ಚಿತ್ರಗಳನ್ನು ಮೊದಲು ತೆಗೆದು, ಪ್ರಯೋಗಗಳನ್ನು ಕೊನೆಗೆ ಇಟ್ಟುಕೊಳ್ಳುವುದು ರೂಢಿ. ಪ್ರಸಾಧನ ಮತ್ತು ಇಸ್ತ್ರಿಯನ್ನು ಸ್ಟುಡಿಯೊಗೆ ಬರುವ ಮೊದಲೇ ಮುಗಿಸಿದರೆ ಸಮಯ ಉಳಿಯುತ್ತದೆ.

ಕೊಠಡಿಯ ಉದ್ದ, ಚಾವಣಿಯ ಎತ್ತರ, ದೀಪಗಳ ಸಂಖ್ಯೆ, ಫ್ಲಾಶ್ ಟ್ರಿಗರ್ ಕ್ಯಾಮೆರಾಗೆ ಹೊಂದುತ್ತದೆಯೇ ಎಂಬುದು, ಹಿನ್ನೆಲೆ ಕಾಗದಕ್ಕೆ ಪ್ರತ್ಯೇಕ ಶುಲ್ಕವಿದೆಯೇ ಎಂಬುದು ಮುಂಚಿತವಾಗಿ ತಿಳಿದಿರಬೇಕಾದ ಅಂಶಗಳು. ಪೂರ್ಣಾಕೃತಿಯ ಚಿತ್ರಕ್ಕೆ ಕಿರಿದಾದ ಕೊಠಡಿ ಸಾಲದು.

ಬೆಳಕಿನ ಜೋಡಣೆ

ಫ್ಲಾಶ್ ಬಳಸುವಾಗ ಶಟರ್ ವೇಗವು ಕ್ಯಾಮೆರಾದ ಸಿಂಕ್ ವೇಗವನ್ನು ಮೀರಬಾರದು. ಇದು ಅನೇಕ ಕ್ಯಾಮೆರಾಗಳಲ್ಲಿ ಸೆಕೆಂಡಿನ 1/160ರಿಂದ 1/250ರಷ್ಟಿರುತ್ತದೆ. ಮೀರಿದರೆ ಚಿತ್ರದ ಒಂದು ಭಾಗದಲ್ಲಿ ಕಪ್ಪು ಪಟ್ಟಿ ಕಾಣಿಸುತ್ತದೆ. ಐಎಸ್‌ಒ 100, ದ್ಯುತಿರಂಧ್ರ ಎಫ್/8 ಎಂಬುದು ಸಾಮಾನ್ಯವಾದ ಆರಂಭಿಕ ಹೊಂದಾಣಿಕೆ. ಮೊದಲು ಫ್ಲಾಶ್ ಇಲ್ಲದೆ ಒಂದು ಚಿತ್ರ ತೆಗೆದಾಗ ಅದು ಪೂರ್ತಿ ಕಪ್ಪಾಗಿ ಬಂದರೆ, ಕೊಠಡಿಯ ಇತರ ಬೆಳಕು ಚಿತ್ರದ ಮೇಲೆ ಪ್ರಭಾವ ಬೀರುತ್ತಿಲ್ಲ ಎಂದು ತಿಳಿಯುತ್ತದೆ. ಅನಂತರ ಮುಖ್ಯ ದೀಪವನ್ನು ಮಾತ್ರ ಉರಿಸಿ ಪರೀಕ್ಷಿಸಿ, ಉಳಿದವುಗಳನ್ನು ಒಂದೊಂದಾಗಿ ಸೇರಿಸಿದರೆ ದೋಷ ಯಾವ ದೀಪದಿಂದ ಬಂತೆಂಬುದು ಸ್ಪಷ್ಟವಾಗುತ್ತದೆ.

ಬೆಳಕಿನ ಮೂಲವು ವ್ಯಕ್ತಿಗೆ ಹೋಲಿಸಿದಾಗ ದೊಡ್ಡದಾಗಿದ್ದು ಹತ್ತಿರದಲ್ಲಿದ್ದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ. ಸಾಫ್ಟ್‌ಬಾಕ್ಸ್ ಮತ್ತು ಛತ್ರಿಗಳ ಉಪಯೋಗ ಇದೇ ಆಗಿದೆ. ಸಣ್ಣ ಮೂಲದಿಂದ ಬರುವ ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮಾನುಪಾತದಲ್ಲಿ ಕುಗ್ಗುತ್ತದೆ. ದೀಪವು ವ್ಯಕ್ತಿಯಿಂದ 1 ಮೀಟರ್ ದೂರದಲ್ಲಿದ್ದು, ಹಿನ್ನೆಲೆಯು ವ್ಯಕ್ತಿಯಿಂದ ಇನ್ನೂ 2 ಮೀಟರ್ ಹಿಂದಿದ್ದರೆ, ಹಿನ್ನೆಲೆಗೆ ತಲುಪುವುದು ವ್ಯಕ್ತಿಯ ಮೇಲೆ ಬೀಳುವ ಬೆಳಕಿನ ಸುಮಾರು ಒಂಬತ್ತನೇ ಒಂದು ಪಾಲು. ಹೀಗೆ ಬಿಳಿ ಕಾಗದವು ಬೂದು ಬಣ್ಣವಾಗಿ ಕಾಣುತ್ತದೆ. ಅದಕ್ಕೇ ಪ್ರತ್ಯೇಕ ದೀಪ ಹಾಕಿದರೆ ಮತ್ತೆ ಬಿಳಿಯಾಗುತ್ತದೆ. ಈ ಗುಣದಿಂದಾಗಿ ಕಾಗದವನ್ನು ಬದಲಿಸದೆಯೇ ಬೇರೆ ಬೇರೆ ಹಿನ್ನೆಲೆಗಳನ್ನು ಪಡೆಯಬಹುದು.

ಪರಿಶೀಲನೆ ಮತ್ತು ಸುರಕ್ಷತೆ

ಬೆಳಕಿನ ಜೋಡಣೆ ಬದಲಾದಾಗಲೆಲ್ಲ ಬೂದು ಕಾರ್ಡ್ ಹಿಡಿದು ಒಂದು ಚಿತ್ರ ತೆಗೆದುಕೊಂಡರೆ ಬಣ್ಣದ ತಿದ್ದುಪಡಿ ಸುಲಭವಾಗುತ್ತದೆ. ಕ್ಯಾಮೆರಾವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿದರೆ ಕ್ಯಾಮೆರಾದ ಸಣ್ಣ ಪರದೆಯಲ್ಲಿ ಕಾಣದ ಫೋಕಸ್ ದೋಷ, ಬಟ್ಟೆಯ ಸುಕ್ಕು ಮೊದಲಾದವು ಅಲ್ಲಿಯೇ ಗೋಚರಿಸುತ್ತವೆ. ಸ್ಟುಡಿಯೊದಿಂದ ಹೊರಟ ಮೇಲೆ ಇವು ಕಂಡುಬಂದರೆ ಮತ್ತೊಮ್ಮೆ ಬಾಡಿಗೆ ತೆರಬೇಕಾದೀತು. ಎತ್ತರದ ದೀಪಸ್ತಂಭಗಳು ಉರುಳದಂತೆ ಬುಡಕ್ಕೆ ಮರಳಿನ ಚೀಲ ಇಡಲಾಗುತ್ತದೆ.

ಹಕ್ಕುಸ್ವಾಮ್ಯ

ಸ್ಥಳವನ್ನು ಬಾಡಿಗೆಗೆ ನೀಡಿದ ಮಾತ್ರಕ್ಕೆ ಸ್ಟುಡಿಯೊ ಮಾಲೀಕರಿಗೆ ಚಿತ್ರಗಳ ಹಕ್ಕುಸ್ವಾಮ್ಯ ದೊರೆಯುವುದಿಲ್ಲ. ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ 17ನೇ ಕಲಮಿನ ಪ್ರಕಾರ ಛಾಯಾಚಿತ್ರದ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಅದನ್ನು ತೆಗೆದವರೇ. ಆದರೆ ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಕೋರಿದವರೇ ಮೊದಲ ಹಕ್ಕುದಾರರಾಗುತ್ತಾರೆ. ಆದುದರಿಂದ ಹಕ್ಕನ್ನು ಉಳಿಸಿಕೊಳ್ಳಬಯಸುವ ಛಾಯಾಗ್ರಾಹಕರು ಮುಂಚಿತವಾಗಿ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಸೂಕ್ತ.