ಕಾರಿನಡಿಯ ಉಕ್ಕಿನ ಬಳೆ

ನಮ್ಮ ಕೂಟದ ಮನೆಗಳಲ್ಲೂ ಈಗ ಹಳೆಯ ಮಸ್ಟಾಂಗ್, ಕಮಾರೋ ಕೊಂಡು ಅದಕ್ಕೆ ದೊಡ್ಡ ಎಂಜಿನ್ ಕೂರಿಸುವ ಹುಡುಗರಿದ್ದಾರೆ. ತಂದೆತಾಯಿಗಳು ಖರ್ಚು ಎಷ್ಟಾಯಿತೆಂದು ಕೇಳುತ್ತಾರೆ. ಡ್ರೈವ್‌ಶಾಫ್ಟಿಗೆ ಸೇಫ್ಟಿ ಲೂಪ್ ಹಾಕಿಸಿದೆಯಾ ಎಂದು ಕೇಳುವವರು ಕಡಿಮೆ. ಈ ಲೂಪ್ ಎಂಬುದು ಶಾಫ್ಟಿನ ಸುತ್ತ ತೊಡಿಸುವ ಒಂದು ಉಕ್ಕಿನ ಬಳೆ, ಅಷ್ಟೆ. ಆದರೆ ಅದಕ್ಕೂ ಒಂದು ಚರಿತ್ರೆಯಿದೆ.

ಎಂಜಿನ್ ಮುಂದಿದ್ದು ಹಿಂದಿನ ಚಕ್ರ ತಿರುಗುವ ಗಾಡಿಯಲ್ಲಿ ಇವೆರಡರ ನಡುವೆ ಬಲ ಸಾಗಿಸುವ ಉದ್ದನೆಯ ಕೊಳವೆಯೇ ಡ್ರೈವ್‌ಶಾಫ್ಟ್. ನಮ್ಮೂರ ಮೆಕ್ಯಾನಿಕ್ಕುಗಳ ಬಾಯಲ್ಲಿ ಪ್ರೊಪೆಲ್ಲರ್ ಶಾಫ್ಟ್. ಮೊದಮೊದಲ ಕಾರುಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಚೈನು, ಬೆಲ್ಟು ಇರುತ್ತಿದ್ದವು. 1898ರಲ್ಲಿ ಫ್ರಾನ್ಸಿನ ಲೂಯಿ ರೆನೋ ತನ್ನ ಪುಟ್ಟ ಗಾಡಿಗೆ ಶಾಫ್ಟ್ ಜೋಡಿಸಿದ. 1903ರಲ್ಲಿ ಕಾರ್ನೆಲ್ ವಿದ್ಯಾರ್ಥಿ ಕ್ಲಾರೆನ್ಸ್ ಸ್ಪೈಸರ್ ಅದರ ತುದಿಯ ಯೂನಿವರ್ಸಲ್ ಜಾಯಿಂಟಿಗೆ ಪೇಟೆಂಟ್ ಪಡೆದ.

1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಶಾಫ್ಟು ಇನ್ನೊಂದು ಗಟ್ಟಿ ಕೊಳವೆಯೊಳಗೆ ತಿರುಗುತ್ತಿತ್ತು. ಮುರಿದರೂ ಒಳಗೇ ಬಿದ್ದಿರುತ್ತಿತ್ತು. 1949ರ ಮಾಡೆಲಿನಲ್ಲಿ ಫೋರ್ಡ್ ಈ ಕವಚವನ್ನು ಕೈಬಿಟ್ಟಿತು. 1955ರಲ್ಲಿ ಷೆವ್ರೊಲೆ ಕೂಡ. ಷೆವ್ರೊಲೆಯ ಹೆಸರಾಂತ 265 ಘನ ಅಂಗುಲದ ವಿ-8 ಎಂಜಿನ್ ಬಂದದ್ದೂ ಅದೇ ವರ್ಷ. 1951ರಲ್ಲಿ ಹುಟ್ಟಿದ್ದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಾನ್ಸಾಸಿನ ಗ್ರೇಟ್ ಬೆಂಡ್‌ನಲ್ಲಿ ತನ್ನ ಮೊದಲ ರಾಷ್ಟ್ರೀಯ ಪಂದ್ಯ ನಡೆಸಿದ್ದೂ ಅದೇ ವರ್ಷ. ಅಂತೂ ಶಾಫ್ಟು ಬಯಲಿಗೆ ಬಿದ್ದ ಕಾಲಕ್ಕೆ ಸರಿಯಾಗಿ ಎಂಜಿನ್ನಿನ ಬಲವೂ ಓಟದ ಹುಚ್ಚೂ ಏರಿದವು.

ಗಂಟೆಗೆ 60 ಮೈಲಿ ವೇಗದಲ್ಲಿ, 4ಕ್ಕೆ 1ರ ಗೇರಿದ್ದರೆ, ಶಾಫ್ಟು ನಿಮಿಷಕ್ಕೆ ಸುಮಾರು 3000 ಸುತ್ತು ಹಾಕುತ್ತದೆ. ಹಿಂದಿನ ಜಾಯಿಂಟ್ ಮುರಿದರೆ ಶಾಫ್ಟಿನ ಬಾಲ ರಸ್ತೆಗೆ ಉಜ್ಜಿಕೊಂಡು ಬರುತ್ತದೆ. ಮುಂದಿನದು ಮುರಿದರೆ ಹಾಗಲ್ಲ. ಕಳಚಿದ ತುದಿ ನೆಲಕ್ಕೆ ಊರಿ, ಗಣೆ ಹಿಡಿದು ಹಾರುವ ಆಟಗಾರನಂತೆ ಕಾರನ್ನೇ ಮೇಲೆತ್ತಬಲ್ಲದು. ಇಲ್ಲವೇ ಚಾಟಿಯಂತೆ ಬೀಸಿ ತೆಳ್ಳನೆಯ ತಗಡಿನ ತಳವನ್ನು ಸೀಳಬಹುದು. ಆ ತಗಡಿನ ಮೇಲಿರುವುದು ನಮ್ಮ ಮಕ್ಕಳ ಕಾಲು.

ಓಟದ ಸಂಸ್ಥೆಯ ನಿಯಮಕ್ಕೆ ಈ ಭಯವೇ ಮೂಲ. ಕಾಲು ಮೈಲಿಯನ್ನು ರೇಸಿನ ನುಣುಪು ಟೈರುಗಳಲ್ಲಿ 13.99 ಸೆಕೆಂಡು ಅಥವಾ ಅದಕ್ಕೂ ಬೇಗ ಮುಗಿಸುವ ಕಾರಿಗೆ ಲೂಪ್ ಕಡ್ಡಾಯ. ಕಾಲಂಗುಲ ದಪ್ಪ, 2 ಅಂಗುಲ ಅಗಲದ ಉಕ್ಕಿನ ಪಟ್ಟಿ ಪೂರ್ತಿ ಸುತ್ತಿರಬೇಕು, ಮುಂದಿನ ಜಾಯಿಂಟಿನಿಂದ 6 ಅಂಗುಲದೊಳಗೆ ಇರಬೇಕು. ರಸ್ತೆಯ ಕಾರಿಗೆ ಈ ಕಟ್ಟಳೆ ಇಲ್ಲವೆಂದು ಸುಮ್ಮನಿರುವುದು ನನಗೆ ಸರಿಕಾಣದು. ಸಾವಿರಾರು ಡಾಲರಿನ ಎಂಜಿನ್ ತಂದು ಈ ಪಟ್ಟಿಗೆ ಹಿಂದೆಮುಂದೆ ನೋಡುವುದು, ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಪ್ರಯಾಣಿಕರ ಕೆಳಗೆ ಉದ್ದಕ್ಕೆ ಶಾಫ್ಟು ಹಾಯುವ ಅಂತರರಾಜ್ಯ ಬಸ್ಸುಗಳಿಗಂತೂ ಅಮೆರಿಕದ ಕೇಂದ್ರ ಸರ್ಕಾರವೇ ಇಂಥ ಒಂದು ಕಾವಲನ್ನು ಕಡ್ಡಾಯ ಮಾಡಿದೆ.

ಹಾಕಿಸುವಾಗ ಎರಡು ಮಾತು. ಬರಿಯ ತಗಡಿಗೆ ಬೋಲ್ಟ್ ಹಾಕಿದರೆ ಬಳೆಯೂ ಕಿತ್ತುಬರುತ್ತದೆ. ಚಾಸಿಸ್ಸಿನ ಗಟ್ಟಿ ಭಾಗಕ್ಕೇ ಬಿಗಿಯಬೇಕು. ಹಳ್ಳದಿಣ್ಣೆಗಳಲ್ಲಿ ಶಾಫ್ಟು ಮೇಲೆಕೆಳಗೆ ಆಡುವುದರಿಂದ ಬಳೆಗೆ ತಾಗದಷ್ಟು ಸಂದು ಬಿಟ್ಟಿರಬೇಕು.