ಒಂದು ಹುಳುವಿನ ಪಾಠಾಂತರಗಳು

ಗ್ರಂಥಸಂಪಾದನೆ ಮಾಡುವವರಿಗೆ ಲಿಪಿಕಾರನ ತಪ್ಪು ಒಂದು ದೊಡ್ಡ ಉಪಕಾರ. ಒಂದು ಕಾವ್ಯದ ನಾಲ್ಕು ಓಲೆಪ್ರತಿಗಳು ದೊರೆತು, ಅವುಗಳಲ್ಲಿ ಎರಡರಲ್ಲಿ ಅದೇ ಅಕ್ಷರ ಅದೇ ಕಡೆಗಳಲ್ಲಿ ತಪ್ಪಿದ್ದರೆ, ಆ ಎರಡೂ ಒಂದೇ ಮಾತೃಕೆಯಿಂದ ಹುಟ್ಟಿದವು ಎಂದು ನಾವು ಊಹಿಸುತ್ತೇವೆ. ತರಗತಿಯಲ್ಲಿ ವರ್ಷವರ್ಷವೂ ಈ ಮಾತನ್ನು ಹೇಳುತ್ತ ಬಂದಿರುವ ನನಗೆ, ಇದೇ ವಿದ್ಯೆಯಿಂದ ದನಗಳ ಯಕೃತ್ತಿನಲ್ಲಿ ಬಾಳುವ ಒಂದು ಹುಳುವಿನ ಚರಿತ್ರೆಯನ್ನೂ ಓದುತ್ತಾರೆಂದು ತಿಳಿದಾಗ ಬೆರಗಾಯಿತು. ಬೆರಗಿಗೆ ಇನ್ನೊಂದು ಕಾರಣವೂ ಉಂಟು. ಆ ಹುಳು ನಮ್ಮ ಮನೆಗೆ ಅಪರಿಚಿತವಲ್ಲ.

ನಾನು ಹುಡುಗನಾಗಿದ್ದಾಗ ಹಾಸನದ ಕಡೆಯ ನಮ್ಮ ಊರಿನ ಮನೆಯಲ್ಲಿ ಕರೆಯುವ ಎಮ್ಮೆಯೊಂದಿತ್ತು. ಒಂದು ಬೇಸಗೆ ಕಳೆದ ಮೇಲೆ ಅದರ ಹಾಲು ಇಳಿಯಿತು, ಮೈ ಬಡವಾಯಿತು, ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಕಾಣಿಸಿಕೊಂಡಿತು. ಕೆಲವು ವಾರಗಳಲ್ಲಿ ಎಮ್ಮೆ ಸತ್ತಿತು. ದನ ಕಾಯುವ ಹುಡುಗ ಕೆರೆಯಂಗಳದಲ್ಲಿ ಏನೋ ಕೆಟ್ಟ ಸೊಪ್ಪು ಮೇಯಿಸಿದನೆಂದು ಅಜ್ಜಿ ತೀರ್ಮಾನಿಸಿದರು. ಹುಡುಗನನ್ನು ಕೆಲಸದಿಂದ ಬಿಡಿಸಿದ್ದಾಯಿತು. ಇದು ಯಕೃತ್ತಿನ ಹುಳುವಿನ ಬಾಧೆಯಂತೆ ಕಾಣುತ್ತದೆ ಎಂದು ಆಮೇಲೆ ಬಂದ ಪಶುವೈದ್ಯರು ಹೇಳಿದ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಅಜ್ಜಿಯ ತೀರ್ಪಿಗೆ ಆರು ನೂರು ವರ್ಷಗಳಿಗೂ ಹಳೆಯ ಬೆಂಬಲವಿದೆಯೆಂಬುದು ನನಗೆ ಗೊತ್ತಾದದ್ದು ಬಹುಕಾಲದ ಮೇಲೆ. ೧೩೭೯ರಲ್ಲಿ ಫ್ರಾನ್ಸಿನ ಜಾನ್ ದ ಬ್ರೀ ಎಂಬ ಕುರುಬನು ದೊರೆ ಐದನೆಯ ಚಾರ್ಲ್ಸನಿಗಾಗಿ ಕುರಿ ಸಾಕಣೆಯ ಗ್ರಂಥವೊಂದನ್ನು ರಚಿಸಿದ. ಜೌಗುನೆಲದಲ್ಲಿ ಬೆಳೆಯುವ 'ದೂವ್' ಎಂಬ ಗಿಡವನ್ನು ತಿಂದರೆ ಕುರಿಯ ಯಕೃತ್ತು ಕೊಳೆಯುವುದೆಂದು ಅವನು ಹೇಳಿದ. ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಆ ಗಿಡಕ್ಕೂ ಈ ಹುಳುವಿಗೂ ಹೆಸರು ಒಂದೇ. ೧೫೨೩ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಫಿಟ್ಜ್‌ಹರ್ಬರ್ಟನ ಬೇಸಾಯದ ಪುಸ್ತಕ, ಕುರಿಯ ಯಕೃತ್ತಿನೊಳಗಿನ ಈ ಜೀವಿಯನ್ನು ವರ್ಣಿಸಿತು. ಹುಲ್ಲುಗಾವಲಿನ ಬಿಳಿಯ ಬಸವನಹುಳುಗಳು ಕುರಿಗೆ ಒಳ್ಳೆಯವಲ್ಲ ಎಂಬ ಮಾತನ್ನೂ ಸೇರಿಸಿತು. ೧೬೬೮ರಲ್ಲಿ ಇಟಲಿಯ ರೇಡಿ ಅದರ ಚಿತ್ರ ಪ್ರಕಟಿಸಿದ. ೧೭೫೮ರಲ್ಲಿ ಲಿನೇಯಸ್ ಅದಕ್ಕೆ 'ಫ್ಯಾಸಿಯೋಲಾ ಹೆಪ್ಯಾಟಿಕಾ' ಎಂದು ನಾಮಕರಣ ಮಾಡಿದ. ಹೆಸರು ಬಂತು, ಚಿತ್ರ ಬಂತು. ಎಲೆಯಂತೆ ಚಪ್ಪಟೆಯಾದ ಈ ಹುಳು ಪಶುವಿನ ಒಡಲನ್ನು ಹೊಗುವುದು ಹೇಗೆಂಬುದು ಮಾತ್ರ ತಿಳಿಯಲಿಲ್ಲ.

ಅದನ್ನು ತಿಳಿಸಿದ್ದು ಒಂದು ಮಹಾಮಾರಿ. ೧೮೭೯-೮೦ರ ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಮೂವತ್ತು ಲಕ್ಷ ಕುರಿಗಳು ಈ ರೋಗಕ್ಕೆ ಬಲಿಯಾದವು. ಅಲ್ಲಿಯ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ ಸಂಶೋಧನೆಗೆ ಹಣ ಕೊಟ್ಟಿತು. ಆಕ್ಸ್‌ಫರ್ಡಿನ ಇಪ್ಪತ್ತಮೂರರ ತರುಣ ಎ. ಪಿ. ಥಾಮಸ್ ಕೆಲಸಕ್ಕೆ ತೊಡಗಿದ. ಒಂದು ಪುಟ್ಟ ಜಾತಿಯ ಬಸವನಹುಳುವಿನ ಮೇಲೆ ಅವನಿಗೆ ಅನುಮಾನ. ಆದರೆ ಪ್ರಯೋಗಕ್ಕೆ ಬೇಕಾದಷ್ಟು ಸಿಗಲೊಲ್ಲದು. ೧೮೮೨ರ ಜುಲೈಯಲ್ಲಿ ಆಕ್ಸ್‌ಫರ್ಡಿನ ನದಿಗೆ ಪ್ರವಾಹ ಬಂದು ಅವುಗಳನ್ನು ರಾಶಿರಾಶಿಯಾಗಿ ತಂದು ಹಾಕಿತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹಿರಿಯ ವಿದ್ವಾಂಸ ಲ್ಯೂಕಾರ್ಟ್ ಇದೇ ಗುಟ್ಟಿನ ಬೆನ್ನು ಹತ್ತಿದ್ದ. ಅದೇ ಅಕ್ಟೋಬರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಇಬ್ಬರೂ ಉತ್ತರವನ್ನು ಪ್ರಕಟಿಸಿದರು.

ಹುಳುವಿನ ಮೊಟ್ಟೆ ಸಗಣಿಯೊಡನೆ ನೀರಿಗೆ ಬೀಳುತ್ತದೆ. ಮರಿ ಒಡೆದು ಬಂದು ಬಸವನಹುಳುವಿನ ಮೈ ಹೊಗುತ್ತದೆ. ಅಲ್ಲಿ ಗಂಡುಹೆಣ್ಣಿನ ಕೂಟವಿಲ್ಲದೆ ಒಂದು ನೂರಾರಾಗಿ, ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿಕೊಂಡು, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಕಾಯುತ್ತದೆ. ಫ್ರಾನ್ಸಿನ ಕುರುಬನೂ ನಮ್ಮ ಅಜ್ಜಿಯೂ ಅರ್ಧ ಸತ್ಯವನ್ನು ಕಂಡಿದ್ದರು. ಕೇಡು ಇದ್ದದ್ದು ಸೊಪ್ಪಿನೊಳಗಲ್ಲ, ಸೊಪ್ಪಿನ ಮೇಲೆ.

ಈ ಹುಳುವಿಗೆ ಒಬ್ಬ ದಾಯಾದಿಯಿದ್ದಾನೆ. ೧೮೫೫ರಲ್ಲಿ ಕಾಬೋಲ್ಡ್ ಎಂಬಾತ ಜಿರಾಫೆಯೊಂದರ ಯಕೃತ್ತಿನಿಂದ ಇನ್ನೂ ಉದ್ದವಾದ ಹುಳುವನ್ನು ತೆಗೆದು 'ಫ್ಯಾಸಿಯೋಲಾ ಜೈಗಾಂಟಿಕಾ' ಎಂದು ಕರೆದ. ತಂಪು ದೇಶಗಳಲ್ಲಿ ಮೊದಲನೆಯದು ಹೆಚ್ಚು; ನಮ್ಮಂಥ ಬಿಸಿಲ ನಾಡಿನ ಕೆರೆಗದ್ದೆಗಳ ದನ ಎಮ್ಮೆಗಳನ್ನು ಕಾಡುವುದು ಈ ಎರಡನೆಯದೇ.

ಇಲ್ಲಿಂದ ಮುಂದೆ ಕಥೆ ನಮ್ಮ ಓಲೆಗರಿಯ ವಿದ್ಯೆಗೆ ಬರುತ್ತದೆ. ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಬರೆಹವಿದೆ, ಪೀಳಿಗೆಯಿಂದ ಪೀಳಿಗೆಗೆ ಅದರ ನಕಲಾಗುವಾಗ ಅಕ್ಷರಗಳು ತಪ್ಪುತ್ತವೆ. ಬೇರೆ ಬೇರೆ ದೇಶಗಳ ಹುಳುಗಳ ಈ ತಪ್ಪುಗಳನ್ನು ಹೋಲಿಸಿದರೆ ಯಾರಿಗೆ ಯಾರು ಬಂಧುವೆಂದು ಹೊರಬೀಳುತ್ತದೆ. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಸುಮಾರು ನಾಲ್ಕು ಸಾವಿರ ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ ದನಕುರಿಗಳಿಗಲ್ಲದೆ ಮನುಷ್ಯರಿಗೂ ಈ ಹುಳುವಿನ ಕಾಟ ಬಹಳ. ಆದರೆ ಅಲ್ಲಿಯ ಹುಳುಗಳಲ್ಲಿ ಪಾಠಭೇದ ತೀರ ಕಡಮೆ. ಅದನ್ನು ಹೊತ್ತ ಬಸವನಹುಳುವೂ ಯೂರೋಪಿನದೇ. ಕೆಲವೇ ಪ್ರತಿಗಳು ಯೂರೋಪಿನವರ ದನಕರುಗಳೊಡನೆ ಕಡಲು ದಾಟಿ ಬಂದು ಅಲ್ಲಿ ಹಬ್ಬಿದವೆಂದು ಇದರಿಂದ ತಿಳಿಯುತ್ತಾರೆ. ಪೂರ್ವ ಏಷ್ಯದ ಸಂಗತಿ ಇನ್ನೂ ವಿಚಿತ್ರ. ಅಲ್ಲಿ ಎರಡೂ ಜಾತಿ ಬೆರೆತ ಹುಳುಗಳಿವೆ. ಅವಕ್ಕೆ ವೀರ್ಯವಿಲ್ಲ; ಕೂಟವಿಲ್ಲದೆಯೇ ಸಂತಾನ. ಜಪಾನು, ಕೊರಿಯ, ಚೀನ, ನಮ್ಮ ಪೂರ್ವ ಭಾರತಗಳಲ್ಲಿ ಇಂಥವು ದೊರೆತಿವೆ. ಹುಳುವಿಗೆ ಕಾಲಿಲ್ಲ. ನಡೆದದ್ದು ದನ, ನಡೆಸಿದ್ದು ಮನುಷ್ಯ.

ಪಾಠಭೇದ ವಿದ್ವಾಂಸನಿಗೆ ಸಂತೋಷ, ರೈತನಿಗೆ ಸಂಕಟ. ೧೯೮೦ರ ದಶಕದಲ್ಲಿ ಟ್ರೈಕ್ಲಾಬೆಂಡಜೋಲ್ ಎಂಬ ಒಳ್ಳೆಯ ಔಷಧಿ ಬಳಕೆಗೆ ಬಂದಿತು. ೧೯೯೫ರಲ್ಲಿ ಆಸ್ಟ್ರೇಲಿಯದಿಂದ, ಅದಕ್ಕೆ ಜಗ್ಗದ ಹುಳುಗಳಿವೆಯೆಂಬ ವರದಿ ಬಂದಿತು. ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ ಒಂದೇ ಪಶುವಿನೊಳಗಿನ ಹುಳುಗಳಲ್ಲಿಯೂ ಹೆಚ್ಚಿನವು ಒಂದರಂತೆ ಒಂದಿರಲಿಲ್ಲ. ಅಷ್ಟು ಬಗೆಗಳಲ್ಲಿ ಔಷಧಿಯನ್ನು ತಾಳುವ ಒಂದಿದ್ದರೆ ಸಾಕು. ಉಳಿದವು ಸತ್ತು ಅದೊಂದು ಉಳಿಯುತ್ತದೆ. ಬಸವನಹುಳು ಅದರ ನೂರಾರು ಪ್ರತಿಗಳನ್ನು ಮಾಡಿಕೊಡುತ್ತದೆ. ನಿನ್ನೆಯ ಅಪಪಾಠ ನಾಳೆಯ ಮೂಲಪಾಠವಾಗುತ್ತದೆ. ಯಾವ ಊರಿನಲ್ಲಿ ಯಾವ ಪಾಠವಿದೆಯೆಂದು ತಿಳಿಯದೆ ಒಂದೇ ಔಷಧಿಯನ್ನು ಸುರಿಯುತ್ತಿದ್ದರೆ ಸೋಲುವವನು ಒಂದು ಎಮ್ಮೆಯನ್ನು ನಂಬಿ ಬದುಕುವ ಮನೆಯವನು.

ಇದನ್ನೆಲ್ಲ ಓದಿದ ಮೇಲೆ ನನಗೆ ನೆನಪಾದದ್ದು ಆ ದನ ಕಾಯುವ ಹುಡುಗ. ಅವನಿಗೆ ಆಗ ನನ್ನದೇ ವಯಸ್ಸು. ಬೇಸಗೆಯಲ್ಲಿ ನಮ್ಮೂರಿನಲ್ಲಿ ಹಸುರು ಉಳಿಯುತ್ತಿದ್ದುದು ಕೆರೆಯಂಗಳವೊಂದರಲ್ಲಿಯೇ. ಎಮ್ಮೆಯನ್ನು ಅಲ್ಲಿಗೇ ಹೊಡೆದುಕೊಂಡು ಹೋಗೆಂದು ಪ್ರತಿ ಬೆಳಗ್ಗೆ ಅವನಿಗೆ ಹೇಳುತ್ತಿದ್ದವರು ನಾವೇ.